ಅಕ್ಕ ಸುಮ್ಮನಾದ ಒಂಬತ್ತು ಸೆಕೆಂಡು

ಬಸಂತರಾಯ ಮಾಸ್ತರು ಮನೆಯಿಂದ ಹೊರಗೆ ಕಾಲಿಡುವುದನ್ನು ಬಿಟ್ಟು ಹದಿನೈದು ದಿನವಾಗಿತ್ತು.

ಮುದ್ದೇಬಿಹಾಳದಲ್ಲಿ ಅವರ ಗುರುತು ಇಲ್ಲದವರು ಕಡಿಮೆ. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಕಲಿಸಿದವರು. ಅಡತಿ ಅಂಗಡಿಯವರಿಂದ ಹಿಡಿದು ಆಟೋ ಓಡಿಸುವವರ ತನಕ ಅರ್ಧ ಊರು ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡದ್ದೇ. ಅವರೆಲ್ಲ ಈಗ ಒಂದೇ ಕೆಲಸ ಹಿಡಿದಿದ್ದರು. ಮಾಸ್ತರು ಕಣ್ಣಿಗೆ ಬಿದ್ದರೆ ಸಾಕು, ಗಾಡಿ ನಿಲ್ಲಿಸಿ, ಕಿಸೆಯಿಂದ ಫೋನು ತೆಗೆದು, "ಸರ, ಅಕ್ಕಾರ ವಿಡಿಯೋ ನೋಡಿದೆರಿ. ನಡುವ ಸುಮ್ನ ಕುಂದರ್ತಾರಲ್ರಿ, ಅಲ್ಲಿ ನನಗ ಕಣ್ಣಾಗ ನೀರ ಬಂದುವ್ರಿ" ಎನ್ನುವರು. ಅಷ್ಟಕ್ಕೇ ಬಿಟ್ಟರೆ ಹೇಗೋ ತಡೆದುಕೊಳ್ಳಬಹುದಿತ್ತು. ಬಿಡುತ್ತಿರಲಿಲ್ಲ. ನಡುಬೀದಿಯಲ್ಲಿ ವಿಡಿಯೋ ಹಚ್ಚಿ ಮಾಸ್ತರ ಮೂಗಿನ ಮುಂದೆ ಹಿಡಿಯುವರು. ಗುರುವಿಗೆ ಕೊಡುವ ಮರ್ಯಾದೆ ಅದು ಎಂದು ಅವರು ತಿಳಿದಿದ್ದರು.

ಮೂರು ನಿಮಿಷದ ವಿಡಿಯೋ. ಮಾಸ್ತರ ಅಕ್ಕ ಕಸ್ತೂರೆವ್ವ ಪಡಸಾಲೆಯ ಮಂಚದ ಮೇಲೆ ಕುಳಿತಿದ್ದಾಳೆ. ಎಂಬತ್ತೊಂದರ ಮುದುಕಿ, ಹಣೆಯ ತುಂಬ ವಿಭೂತಿ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು. ತಾನು ಇಂಡಿ ತಾಲೂಕಿನ ಅಗರಖೇಡದಲ್ಲಿ ಹುಟ್ಟಿದ್ದು, ಹದಿನಾರಕ್ಕೆ ಸಿಂದಗಿಗೆ ಮದುವೆಯಾಗಿ ಹೋದದ್ದು, ಇಪ್ಪತ್ತೊಂದಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದು, ತಾಯಿಯಿಲ್ಲದ ಹನ್ನೆರಡು ವರ್ಷದ ತಮ್ಮನನ್ನು ಓದಿಸಿ ಮಾಸ್ತರನನ್ನಾಗಿ ಮಾಡಿದ್ದು, ಎಲ್ಲವನ್ನೂ ಸಾಲಾಗಿ ಹೇಳುತ್ತಾಳೆ. "ಎಂಟು ವರ್ಷದಾಕಿ ಇದ್ದಾಗ ಗುರುಗಳು ನನಗ ಲಿಂಗದೀಕ್ಷಾ ಕೊಟ್ರು. ಅವತ್ತಿನಿಂದ..." ಎಂದು ಶುರು ಮಾಡಿ, ಅಲ್ಲಿ ನಿಲ್ಲುತ್ತಾಳೆ. ಒಂಬತ್ತು ಸೆಕೆಂಡು ಮಾತಿಲ್ಲ. ತಲೆ ಬಗ್ಗಿಸಿ ತನ್ನ ಎದೆಯ ಕಡೆ ನೋಡುತ್ತಾಳೆ. ಆಮೇಲೆ ಕಣ್ಣೆತ್ತಿ, ಕ್ಯಾಮೆರಾದ ಕಡೆಗಲ್ಲ, ಅದರ ಎಡಕ್ಕೆ ಎಲ್ಲಿಯೋ ನೋಡುತ್ತಾಳೆ. ಬಳಿಕ, "ಇರ್ಲಿ, ಮುಂದಿಂದು ಹೇಳ್ತೇನಿ" ಎಂದು ಬೇರೆ ಮಾತಿಗೆ ಹೋಗುತ್ತಾಳೆ.

ಆ ಒಂಬತ್ತು ಸೆಕೆಂಡಿಗೇ ಜನ ಮರುಳಾಗಿದ್ದರು. ಬಾಯಿಂದ ಆಡಲಾಗದ್ದನ್ನು ಅಕ್ಕ ಸುಮ್ಮನಿದ್ದು ಹೇಳಿದಳು ಎಂದು ಒಬ್ಬರು, ಆ ಗಳಿಗೆಯಲ್ಲಿ ಶಿವನನ್ನೇ ಕಂಡಳು ಎಂದು ಇನ್ನೊಬ್ಬರು. ವಿಡಿಯೋ ಮಾಡಿದ ನಲವತ್ತೆರಡನೆಯ ದಿನ ಕಸ್ತೂರೆವ್ವ ನಿದ್ದೆಯಲ್ಲಿಯೇ ಲಿಂಗೈಕ್ಯಳಾದ ಮೇಲಂತೂ ಆ ಮಾತಿಗೆ ತಡೆಯೇ ಇಲ್ಲದಾಯಿತು. ತನ್ನ ಹೊತ್ತು ಬಂದದ್ದು ಆಕೆಗೆ ಅಂದೇ ತಿಳಿದಿತ್ತು ಎಂದರು. ಇಂಡಿಯ ಬೀಗರು, ಸಿಂದಗಿಯ ಹಳೆಯ ನೆಂಟರು, ಎಲ್ಲರ ಫೋನಿನಲ್ಲಿಯೂ ಅದೇ.

ಆಕೆ ಎಡಕ್ಕೆ ಕಣ್ಣೆತ್ತಿ ನೋಡಿದ್ದು ಶಿವನನ್ನಲ್ಲ. ಅಲ್ಲಿ ನಿಂತಿದ್ದವರು ಬಸಂತರಾಯ ಮಾಸ್ತರು. ಅವರ ಅಂಗಿಯ ಕಿಸೆಯಲ್ಲಿ ಆಕೆಯ ಲಿಂಗವಿತ್ತು.

ಅದು ಆದದ್ದು ಹೀಗೆ. ಓಣಿಯ ಶರಣೆಯರ ಬಳಗಕ್ಕೆ ಇಪ್ಪತ್ತೈದು ವರ್ಷ ತುಂಬಲಿತ್ತು. ಬಳಗದ ಹಿರಿಯರ ಮೇಲೆ ಅವರವರ ಮನೆಯವರು ಮೂರು ಮೂರು ನಿಮಿಷದ ವಿಡಿಯೋ ಮಾಡಿಕೊಡಬೇಕೆಂದು ಅಧ್ಯಕ್ಷೆ ರೇಣುಕಾ ಹೇಳಿಕಳಿಸಿದ್ದರು. ಮಾಸ್ತರ ಮಗಳನ್ನು ಮಸೂತಿ ಊರಿಗೆ ಕೊಟ್ಟಿದ್ದರು. ಅವಳ ಮಗಳು ಜಯಮಾಲಾ ವಿಜಯಪುರದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಳು. ಅವಳನ್ನು ಕರೆಸಿದರು. ಹುಡುಗಿಗೆ ದೊಡ್ಡಾಯಿ ಕಸ್ತೂರೆವ್ವನ ಮೇಲೆ ಜೀವ. ಸುಮ್ಮನೆ ಎದುರಿಗೆ ಕೂರಿಸಿಕೊಂಡು ಮಾತಾಡಿಸೋಣ, ಬಾಯಿಗೆ ಬಂದದ್ದು ಹೇಳಲಿ ಎಂದಳು. ಮಾಸ್ತರು ಒಪ್ಪಲಿಲ್ಲ. ಉಳಿದವರ ವಿಡಿಯೋಗಳಿಗಿಂತ ಅಕ್ಕನದು ಒಂದು ತೂಕ ಹೆಚ್ಚಿಗೆ ನಿಲ್ಲಬೇಕೆಂಬುದು ಅವರ ಆಸೆ. ಎರಡು ದಿನ ಕುಳಿತು, ಎರಡು ಪುಟ ಬರೆದು, ಅಕ್ಕನಿಂದ ಬಾಯಿಪಾಠ ಮಾಡಿಸಿದರು.

"ತಮ್ಮಾ, ಈ ವಯಸ್ಸಿನ್ಯಾಗ ನನ್ನ ಪರೀಕ್ಷಾಕ್ಕ ಕುಂದರಸ್ತಿಯೇನೋ?" ಎಂದು ಕಸ್ತೂರೆವ್ವ ನಕ್ಕಳು.

"ನಪಾಸಾದ್ರ ಮತ್ತೊಮ್ಮೆ ಕುಂದರಸ್ತೇನಿ."

"ಏಳನೇ ಕ್ಲಾಸಿನ್ಯಾಗ ನೀ ಗಣಿತದಾಗ ನಪಾಸಾಗಿದ್ದಿ. ಇಲ್ಲಿತನಕ ಯಾರ ಮುಂದರ ಹೇಳೇನೇನು? ವಿಡಿಯೋದಾಗ ಹೇಳ್ತೇನಿ ತಡಿ."

ಹಾಗೆ ಅಂದಳೇ ಹೊರತು ತಮ್ಮ ಬರೆದುಕೊಟ್ಟದ್ದನ್ನು ಒಂದಕ್ಷರ ಬಿಡದೆ ಪಾಠ ಮಾಡಿದಳು. ತಮ್ಮ ಕೇಳಿದ್ದಕ್ಕೆ ಇಲ್ಲವೆಂದು ಆಕೆಗೆ ಹೇಳಿ ರೂಢಿಯೇ ಇರಲಿಲ್ಲ.

ಶುಕ್ರವಾರ ಮುಂಜಾನೆ ಪಡಸಾಲೆಯಲ್ಲಿ ಕೆಲಸ ಶುರುವಾಯಿತು. ಹನ್ನೆರಡರ ಬಸ್ಸಿಗೆ ಜಯಮಾಲಾ ಮರಳಬೇಕು. ಸಂಜೆಯೊಳಗೆ ವಿಡಿಯೋ ರೇಣುಕಾ ಅವರ ಕೈ ಸೇರಬೇಕು. ಮೊದಲನೆಯ ಸಲ ಬದನೆಕಾಯಿ ಮಾರುವವನು ಬಾಗಿಲ ಮುಂದೆಯೇ ಕೂಗಿದ. ಎರಡನೆಯ ಸಲ ಮಾಸ್ತರ ಹೆಂಡತಿ ಸುನಂದಾ ಅಡುಗೆಮನೆಯಿಂದ, "ಚಾ ಇಡ್ಲೇನ್ರಿ?" ಎಂದು ಕೇಳಿದಳು. ಮೂರನೆಯ ಸಲ ಕುಕ್ಕರು ಸೀಟಿ ಹೊಡೆಯಿತು. ನಾಲ್ಕೂ ಐದೂ ಸರಿಯಾಗಿಯೇ ಬಂದವು. ಆದರೆ ಕಿವಿಗೆ ಹೆಡ್‌ಫೋನು ಹಾಕಿಕೊಂಡಿದ್ದ ಜಯಮಾಲಾ ಮುಖ ಸಿಂಡರಿಸಿದಳು.

"ಮುತ್ಯಾ, ದೊಡ್ಡಾಯಿ ಮಾತಾಡಿದಾಗೊಮ್ಮೆ ಖರ್ ಖರ್ ಅನ್ನಾಕತ್ತೈತಿ."

ಗುಂಡಿಯಷ್ಟು ಸಣ್ಣ ಮೈಕು ಸೆರಗಿನ ಅಂಚಿಗೆ ಸಿಕ್ಕಿಸಿದ್ದು. ಉಸಿರು ತೆಗೆದುಕೊಂಡಾಗಲೆಲ್ಲ ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಅದಕ್ಕೆ ತಿಕ್ಕುತ್ತಿತ್ತು. ಲಿಂಗ ಇರುವುದು ಆ ಕರಡಿಗೆಯೊಳಗೆ. ಹುಡುಗಿ ಮೈಕನ್ನು ಮೇಲೆ ಸರಿಸಿದಳು, ಕೆಳಗೆ ಸರಿಸಿದಳು. "ಬ್ಯಾರೆ ಕಡೆ ಹಚ್ಚಿ ನೋಡ್ತೇನಿ" ಎಂದು ಪಿನ್ನು ಹುಡುಕತೊಡಗಿದಳು. ಮಾಸ್ತರು ಗಡಿಯಾರ ನೋಡಿದರು. ಹನ್ನೊಂದು ಹತ್ತು.

"ಅಕ್ಕಾ, ಹತ್ತು ನಿಮಿಷ ಅದನ್ನ ತಗದು ಇತ್ತ ಕೊಡು" ಎಂದರು.

ಲಿಂಗ ಪೂಜೆಯ ಹೊತ್ತಿಗೆ ಅಂಗೈಗೆ ಬರುತ್ತದೆ, ಪೂಜೆ ಮುಗಿದರೆ ಎದೆಗೆ ಹೋಗುತ್ತದೆ. ಮೈ ಬಿಟ್ಟು ಹೋಗುವುದಿಲ್ಲ. ಕಣ್ಣಿನ ಆಪರೇಶನ್ನಿಗೆ ಒಳಗೆ ಹೋಗುವಾಗ ಮೈಮೇಲಿನ ಬೆಳ್ಳಿ ಬಂಗಾರ ತೆಗೆದಿಡಿರಿ ಎಂದಾಗ ಕಸ್ತೂರೆವ್ವ ಕರಡಿಗೆಯನ್ನಷ್ಟೇ ಕೊಟ್ಟು, ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಂಡು ಹೋಗಿದ್ದಳು. ಆ ಅರಿವೆಯ ಗಂಟು ಹಾಕಿದವರು ಇದೇ ಮಾಸ್ತರು. ಲಿಂಗವನ್ನು ಮನೆಯ ಗೂಟಕ್ಕೆ ನೇತುಹಾಕಿ ಬಂದ ಹುಡುಗರನ್ನು ಕ್ಲಾಸಿನಿಂದ ಎಬ್ಬಿಸಿ ಮನೆಗೆ ಅಟ್ಟಿದವರೂ ಇವರೇ. ಅಂಥವರ ಬಾಯಿಂದ ಆ ಮಾತು ಬಂತು. ಸೀಮೆಸುಣ್ಣ ಇತ್ತ ಕೊಡು ಎಂದಷ್ಟೇ ಸರಳವಾಗಿ ಬಂತು.

"ಮುತ್ಯಾ..." ಎಂದಳು ಜಯಮಾಲಾ. ಮುಂದೆ ಹೇಳಲಿಲ್ಲ.

ಕಸ್ತೂರೆವ್ವ ತಮ್ಮನ ಮುಖ ನೋಡಿದಳು. ಆಡಿದ ಮಾತನ್ನು ಅವನೇ ಹಿಂದಕ್ಕೆ ತೆಗೆದುಕೊಂಡಾನು ಎಂದು ಕಾಯ್ದಳೋ ಏನೋ. ತಮ್ಮ ಗಡಿಯಾರ ನೋಡುತ್ತಿದ್ದ. ಆಕೆ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಅವರ ಅಂಗೈಯಲ್ಲಿ ಇಟ್ಟಳು. ಅವರು ಕಿಸೆಗೆ ಹಾಕಿಕೊಂಡು, "ಹೂಂ, ಸುರು ಮಾಡು" ಎಂದರು.

ಆರನೆಯ ಸಲ ದನಿ ತಿಳಿನೀರಿನ ಹಾಗೆ ಬಂತು. ದೀಕ್ಷೆಯ ಮಾತು ಬಂತು. ಅಲ್ಲಿ ಮಾಸ್ತರು ಬರೆದದ್ದು, "ಅವತ್ತಿನಿಂದ ಇವತ್ತಿನ ತನಕ ಒಂದು ಗಳಿಗಿ ಲಿಂಗ ನನ್ನ ಮೈ ಬಿಟ್ಟಿಲ್ಲ" ಎಂದು. ಅದನ್ನು ಆಕೆ ಐದು ಸಲ ತಡವರಿಸದೆ ಹೇಳಿದ್ದಳು. ಆರನೆಯ ಸಲ "ಅವತ್ತಿನಿಂದ" ಎಂದು ನಿಂತಳು. ಎದೆ ನೋಡಿಕೊಂಡಳು. ತಮ್ಮನನ್ನು ನೋಡಿದಳು.

ತಾನು ಮಾಡಿದ್ದೇನು ಎಂದು ಮಾಸ್ತರಿಗೆ ಆಗ ಹೊಳೆಯಿತು. ಹೊಳೆದ ಮೇಲಾದರೂ "ನಿಲ್ಲಿಸು" ಎನ್ನಬಹುದಿತ್ತು. ಅನ್ನಲಿಲ್ಲ. ಇಷ್ಟು ಚೆನ್ನಾಗಿ ಬಂದದ್ದು ಕೆಡುತ್ತದಲ್ಲಾ ಎಂಬ ಆತುರಕ್ಕೆ ಕೈ ಆಡಿಸಿ, ಮುಂದೆ, ಮುಂದೆ ಎಂದು ಸನ್ನೆ ಮಾಡಿದರು. "ಇರ್ಲಿ, ಮುಂದಿಂದು ಹೇಳ್ತೇನಿ" ಎಂದು ಆಕೆ ಹೇಳಿದ್ದು ಆ ಸನ್ನೆಗೆ.

ಕರಡಿಗೆ ಮರಳಿ ಕೈಗೆ ಬಂದ ಮೇಲೆ ಆಕೆ ಇನ್ನೊಮ್ಮೆ ಸ್ನಾನ ಮಾಡಿದಳು. ಪೂಜೆಗೆ ಬಹಳ ಹೊತ್ತು ಕುಳಿತಳು. ಊಟದ ಹೊತ್ತಿಗೆ, "ಹುಡುಗಿಗೆ ಬಸ್ಸು ಸಿಕ್ತಂತೇನು?" ಎಂದು ಕೇಳಿದಳು. ಅಷ್ಟೇ. ಆಮೇಲೆ ನಲವತ್ತೆರಡು ದಿನ ಒಂದೇ ಮನೆಯಲ್ಲಿದ್ದರು. ಅಕ್ಕಾ, ತಪ್ಪಾಯಿತು ಎನ್ನಲು ಎಷ್ಟು ಹೊತ್ತು ಬೇಕು? ಇಂದು ಅಂದೇನು, ನಾಳೆ ಅಂದೇನು ಎಂದುಕೊಳ್ಳುತ್ತಲೇ ಮಾಸ್ತರು ಆ ನಲವತ್ತೆರಡು ದಿನಗಳನ್ನೂ ಕಳೆದರು. ಸಮಾಧಿಯಲ್ಲಿ ಕೂರಿಸಿದಾಗ ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು, ತಮ್ಮನೇ ಲಿಂಗವನ್ನು ಎಡಗೈಯಲ್ಲಿಡಲಿ ಎಂದರು. ಇಟ್ಟರು. ಬೆರಳುಗಳು ಮಡಚಲಿಲ್ಲ, ಇವರೇ ಒಂದೊಂದಾಗಿ ಮಡಚಬೇಕಾಯಿತು.

ಅಕ್ಕ ತನ್ನಿಂದ ಸತ್ತಳು ಎಂದು ಅವರು ತಿಳಿದಿರಲಿಲ್ಲ. ವಯಸ್ಸಾಗಿತ್ತು, ಎದೆ ಸೋತಿತ್ತು, ಶಿವ ಕರೆದ. ಅವರನ್ನು ಹಿಡಿದು ಕೂಡಿಹಾಕಿದ್ದು ಆ ಹೊಗಳಿಕೆ. ತನ್ನ ತಪ್ಪನ್ನೇ ಊರು ಹೂವೇರಿಸಿ ಪೂಜಿಸುತ್ತಿದೆ. ಹೌದು ಎಂದರೆ ಸುಳ್ಳಾಗುತ್ತದೆ, ಅಲ್ಲ ಎಂದರೆ ಅಕ್ಕನ ಹೆಸರಿಗೆ ಮಸಿ ಬೀಳುತ್ತದೆ. ಎಪ್ಪತ್ತು ವರ್ಷ ಕಾಪಾಡಿಕೊಂಡದ್ದನ್ನು ಮುದುಕಿ ಫೋಟೋಕ್ಕಾಗಿ ಬಿಚ್ಚಿಕೊಟ್ಟಳಂತೆ ಎಂದು ಜನ ಆಡಿಕೊಂಡರೆ?

ಗುರುವಾರ ರೇಣುಕಾ ಮನೆಗೇ ಬಂದರು.

"ಸರ, ರವಿವಾರ ಬಳಗದ ಸಮಾರಂಭಕ್ಕ ನೀವು ಬರಲೇಬೇಕ್ರಿ. ಅಕ್ಕಾರ ವಿಡಿಯೋ ದೊಡ್ಡ ಪರದೆ ಮ್ಯಾಲ ಹಾಕ್ತೇವಿ. ಆಮ್ಯಾಲ ನೀವು ಐದು ನಿಮಿಷ ಮಾತಾಡ್ರಿ. ಆ ಸುಮ್ಮನಾದ ಹೊತ್ತಿನ್ಯಾಗ ಅಕ್ಕಾರ ಮನಸ್ಸಿನ್ಯಾಗ ಏನಿತ್ತು, ಅದನ್ನ ನೀವಲ್ದ ಮತ್ತ್ಯಾರು ಹೇಳ್ಯಾರು?"

"ನನಗ ಆರಾಮಿಲ್ರಿ."

"ಆರಾಮ ಇಲ್ದಾವ್ರು ಮುಂಜಾನೆ ಮೂರು ರೊಟ್ಟಿ ಹೆಂಗ ತಿಂದ್ರಿ?" ಎಂದಳು ಒಳಗಿನಿಂದ ಸುನಂದಾ. "ಬರ್ತಾರ ತಗೋ ರೇಣುಕಾ. ಬರಲಿಲ್ಲಂದ್ರ ನಾ ರಟ್ಟಿ ಹಿಡದು ಕರ್ಕೊಂಡ ಬರ್ತೇನಿ. ಹದಿನೈದು ದಿನದಿಂದ ಮನ್ಯಾಗ ಕುಂತು ನನ್ನ ತಲಿ ತಿನ್ನಾಕತ್ತಾರ."

ಶನಿವಾರ ಜಯಮಾಲಾ ಬಂದಳು. ಸುನಂದಾ ಗುಡಿಗೆ ಹೋದ ಹೊತ್ತು ನೋಡಿ ಮಾಸ್ತರು ಕೇಳಿದರು.

"ಏವ್ವಾ, ಆ ವಿಡಿಯೋ ಅಳಿಸಿ ಹಾಕಾಕ ಬರ್ತೈತೇನು?"

"ನನ್ನ ಫೋನ್ಯಾಗಿಂದು ಅಳಸ್ತೇನಿ ಮುತ್ಯಾ. ಊರ ಮಂದಿ ಫೋನ್ಯಾಗಿಂದು ಹೆಂಗ ಅಳಸ್ಲಿ?"

"ನಾಳೆ ಪರದೆ ಮ್ಯಾಲ ಹಾಕೂದರ ಬ್ಯಾರೆ ಮಾಡು. ಆ ಸುಮ್ಮನಾದದ್ದಷ್ಟು ಕತ್ತರಿಸಿಬಿಡು."

ಹುಡುಗಿ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟಳು. ಅವಳ ಕಣ್ಣು ತುಂಬಿದವು.

"ಅವತ್ತು ನಾನೂ ಇದ್ನಲ್ಲ ಮುತ್ಯಾ. ಪಿನ್ನು ನನ್ನ ಕೈಯಾಗ ಇತ್ತು. ತಡಿ ಅಂತ ಒಂದ ಮಾತು ಅಂದಿದ್ರ ಸಾಕಾಗಿತ್ತು." ಮೂಗು ಒರೆಸಿಕೊಂಡಳು. "ಕತ್ತರಿಸಾಕ ಕುಂತಿದ್ದೆ, ಆಗಲಿಲ್ಲ. ಆ ವಿಡಿಯೋದಾಗ ಉಳಿದದ್ದೆಲ್ಲಾ ನೀ ಬರದದ್ದು. ದೊಡ್ಡಾಯಿದು ಅಂತ ಇರೂದು ಆ ಒಂಬತ್ತು ಸೆಕೆಂಡ್ ಅಷ್ಟ. ಅದನ್ನ ತಗದ್ರ ಆಕಿ ಎಲ್ಲಿರ್ತಾಳ ಅದರಾಗ?"

ಮರುದಿನ ನಸುಕಿನಲ್ಲಿ ಮಾಸ್ತರು ಪೂಜೆಗೆ ಕುಳಿತರು. ಅಂಗೈಯ ಮೇಲಿನ ಲಿಂಗವನ್ನು ನೋಡಬೇಕೆಂದರೆ ಕಣ್ಣು ನಿಲ್ಲಲಿಲ್ಲ. ಏನು ಮಾತಾಡಬೇಕೆಂದು ಆ ಹೊತ್ತಿಗೆ ತಿಳಿಯಿತು.

ಬಳಗದ ಸಭಾಂಗಣದಲ್ಲಿ ಇನ್ನೂರು ಜನ. ಪರದೆಯ ಮೇಲೆ ಅಕ್ಕ ಆಳೆತ್ತರವಾಗಿ ಕುಳಿತಳು, ಮಾತಾಡಿದಳು, ಸುಮ್ಮನಾದಳು. ಜನ ಉಸಿರು ಬಿಗಿಹಿಡಿದರು. ದೊಡ್ಡ ಪರದೆಯಲ್ಲಿ ಆ ಕಣ್ಣು ನೆಟ್ಟಗೆ ಮೊದಲ ಸಾಲಿನ ಎಡತುದಿಗೆ ಬಿತ್ತು. ಅಲ್ಲಿ ಯಾರೋ ಹೆಣ್ಣುಮಗಳು ಕೂಸಿಗೆ ಬಿಸ್ಕೀಟು ತಿನ್ನಿಸುತ್ತಿದ್ದಳು.

ಮಾಸ್ತರು ಮೈಕಿನ ಮುಂದೆ ನಿಂತರು. ಸುತ್ತಿ ಬಳಸಿ ಹೇಳಲಿಲ್ಲ. ಬರೆದದ್ದು ತಾನು, ಲಿಂಗ ತೆಗೆಸಿದ್ದು ತಾನು, ಆಕೆ ಸುಮ್ಮನಾದದ್ದು ಸುಳ್ಳು ಹೇಳಲಾರದೆ, ಆಗಲೂ ನಿಲ್ಲಿಸದೆ ಮುಂದೆ ಹೇಳೆಂದು ಸನ್ನೆ ಮಾಡಿದ್ದು ತಾನು, ಬದುಕಿದ್ದಾಗ ಕ್ಷಮೆ ಬೇಡಲಿಲ್ಲ, ಇಷ್ಟನ್ನು ಕ್ಲಾಸಿನಲ್ಲಿ ಪಾಠ ಹೇಳುವಷ್ಟು ಬಿಡಿಸಿ ಹೇಳಿದರು. "ಅಕ್ಕಂದು ಏನೂ ತಪ್ಪಿಲ್ಲ. ತಪ್ಪು ನಂದು. ನೀವು ಏನ್ ಅಂತೀರಿ ಅನ್ರಿ" ಎಂದು ತಲೆ ತಗ್ಗಿಸಿ ನಿಂತರು.

ಎಲ್ಲಿಯೋ ಒಬ್ಬರು ಬಿಕ್ಕಿದರು. ಇನ್ನೆಲ್ಲಿಯೋ ಚಪ್ಪಾಳೆ ಬಿತ್ತು. ಅದು ಸಾಲಿನಿಂದ ಸಾಲಿಗೆ ಹಬ್ಬಿ ಸಭೆಯೆಲ್ಲ ಎದ್ದು ನಿಂತಿತು. ರೇಣುಕಾ ಓಡಿಬಂದು ಮೈಕು ತೆಗೆದುಕೊಂಡರು.

"ನೋಡ್ರಿ, ತಮ್ಮ ಅಂದ್ರ ಹಿಂಗಿರಬೇಕು! ಎಂಥಾ ದೊಡ್ಡ ಮನಸ್ಸು! ಸುಳ್ಳು ಆಡಲಾರದ್ದಕ್ಕ ಸುಮ್ಮನಾದ್ರು ಅಂದ್ರ ಅಕ್ಕಾರು ಇನ್ನೂ ಎತ್ತರಕ್ಕ ಹೋದ್ರಿಲ್ಲೋ?"

"ರೇಣುಕಾ, ಇದು ಸನ್ಮಾನದ ಮಾತಲ್ಲ" ಎಂದರು ಮಾಸ್ತರು.

"ಅಗದೀ ನಿಗರ್ವಿ ನಮ್ಮ ಸರು!" ಎಂದು ರೇಣುಕಾ ಅವರ ಹೆಗಲ ಮೇಲೆ ಶಾಲು ಹೊದಿಸಿದರು. ಮುಂದಿನ ಸಾಲಿನವರು ಫೋನು ಎತ್ತಿ ಹಿಡಿದಿದ್ದರು. ಮಾಸ್ತರು ಅಂದದ್ದೆಲ್ಲ ಆಗಲೇ ಊರು ಬಿಟ್ಟು ಹೊರಟಾಗಿತ್ತು.

ತಪ್ಪೊಪ್ಪಿಕೊಂಡು ಹೊರಬರಲು ಇದ್ದ ಒಂದು ಬಾಗಿಲನ್ನೂ ಜನ ಹೊರಗಿನಿಂದ ಹಾಕಿಕೊಂಡರು ಎನ್ನಿಸಿತು ಅವರಿಗೆ. ಶಾಲಿನೊಳಗೆ ಬೆವರುತ್ತ ಮೆಟ್ಟಿಲಿಳಿದರು.

"ಏ ಬಸಂತಾ, ಇಲ್ಲಿ ಬಾ."

ಅಕ್ಕ ಹೋದ ಮೇಲೆ ಆ ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಒಬ್ಬರೇ ಉಳಿದಿದ್ದರು. ಕೊನೆಯ ಸಾಲಿನಲ್ಲಿ ಬಡಿಗೆ ಊರಿಕೊಂಡು ಲಕ್ಕವ್ವ ಕುಳಿತಿದ್ದಳು. ಬಸವನ ಬಾಗೇವಾಡಿಯಾಕೆ, ವರ್ಷಕ್ಕೆ ಮೂರು ನಾಲ್ಕು ತಿಂಗಳು ಇದೇ ಓಣಿಯಲ್ಲಿ ಮಗಳ ಮನೆಯಲ್ಲಿರುವಳು. ಕಸ್ತೂರೆವ್ವನ ಓರಿಗೆಯವಳು, ಗೆಳತಿ. ಆಚಾರದಲ್ಲಿ ಕಡ್ಡಿ ಮುರಿದಂತೆ ಮಾತಾಡುವವಳು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದಾಗ ಅವಳೊಬ್ಬಳು ಎದ್ದಿರಲಿಲ್ಲ.

"ಈಗ ಹೇಳಿದಿಯಲ್ಲಾ, ಖರೇನ ಐತೋ, ಭಾಷಣಕ್ಕಂತ ಹೇಳಿದ್ಯೋ?"

"ಖರೇ ಐತಿ ಲಕ್ಕವ್ವಾ."

"ತಗಿ ಅಂದಾಂವ ನೀನ?"

"ನಾನ."

ಲಕ್ಕವ್ವ ಬಡಿಗೆಯ ಮೇಲೆ ಎರಡೂ ಕೈ ಊರಿದಳು. ಆಮೇಲೆ, "ಆಕಿ ನನ್ನ ಮುಂದ ಬ್ಯಾರೆ ಹೇಳಿದ್ಲು" ಎಂದಳು. "ಮೈ ತುರಸ್ತಿತ್ತು, ನಾನ ತಗದಿಟ್ಟೆ, ಹಾಕ್ಕೊಳ್ಳೂದು ಮರತೆ, ಏನ್ ಮಾಡ್ಲಿ ಲಕ್ಕಿ ಅಂತ ಕೇಳಿದ್ಲು. ನಾ ಬೈದೆ. ಮುದುಕಿ ಆಗಿ, ಇಷ್ಟು ತಿಳಿಯಂಗಿಲ್ಲೇನ ನಿನಗ ಅಂತ ಹಿಗ್ಗಾಮುಗ್ಗಾ ಬೈದೆ. ಐದು ದಿನ ಬರೇ ಮಜ್ಜಿಗಿ ಮ್ಯಾಲ ಇರು, ಅಲ್ಲಿತನಕ ನಿನ್ನ ಕೈಯಾಗಿನ ಪ್ರಸಾದ ನಾ ಒಲ್ಲೆ ಅಂದೆ. ದಿನಾ ಮುಂಜಾನೆ ಬಂದು ನಮ್ಮ ಕಟ್ಟಿ ಮ್ಯಾಲ ಕುಂದರ್ತಿದ್ಲು. ಬೈಸಿಕೊಂಡು ಹೋಗ್ತಿದ್ಲು. ಒಂದ ದಿನಾನೂ ನಿನ್ನ ಹೆಸರ ತಗೀಲಿಲ್ಲೋ."

ಆ ಐದು ದಿನ ಅಕ್ಕ ಹೊಟ್ಟೆ ಸರಿಯಿಲ್ಲವೆಂದು ಮಜ್ಜಿಗೆ ಕುಡಿದುಕೊಂಡಿದ್ದಳು. ಮಾಸ್ತರು ಔಷಧದ ಅಂಗಡಿಯಿಂದ ಗುಳಿಗೆ ತಂದುಕೊಟ್ಟಿದ್ದರು. ಆಕೆ ನುಂಗಿದ್ದಳು ಕೂಡ.

ಅವರು ಪಕ್ಕದ ಕುರ್ಚಿಯ ಮೇಲೆ ಕುಳಿತರು. "ಲಕ್ಕವ್ವಾ, ನನಗ ಯಾರೂ ಬೈಯವಲ್ರು" ಎಂದರು.

"ಬೈದ್ರ ಹಗುರ ಆಗ್ತೈತಿ ಅಂತ ತಿಳದಿಯೇನು?"

"ಗೊತ್ತಿಲ್ಲ."

"ಆಕಿಗೆ ಆಗಿತ್ತು. ಆರನೇ ದಿನ ನಕ್ಕೋತ ಬಂದು ನನ್ನ ಕೈಯಾಗ ಪ್ರಸಾದ ಇಟ್ಲು. ಈಗ ಗೊತ್ತಾತು, ನಕ್ಕದ್ದು ಯಾಕಂತ. ನಿನ್ನ ಉಳಿಸಿದ್ಲು." ಲಕ್ಕವ್ವ ಬಡಿಗೆಯನ್ನು ನೆಲಕ್ಕೆ ಕುಟ್ಟಿದಳು. "ಮೊದಲ ಆ ಶಾಲು ತಗಿ. ನಾಳೆ ಏಳಕ್ಕ ಕಟ್ಟಿಗೆ ಬಾ. ಚಾ ಕುಡದು ಬರಬ್ಯಾಡ. ಐದು ದಿನ ಮಜ್ಜಿಗಿ. ಸುನಂದಾಗ ಹೊಟ್ಟಿ ಸರಿಯಿಲ್ಲ ಗಿಟ್ಟಿಯಿಲ್ಲ ಅಂತ ಸುಳ್ಳು ಹೇಳಿದ್ರ ಆರು ದಿನ."

ಮಾಸ್ತರು ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು.

"ಮತ್ತ ನಿನಗ?" ಎಂದು ಕೇಳಿದರು. "ತಪ್ಪಿಲ್ಲದಾಕಿನ್ನ ಐದು ದಿನ ಬೈದಿಯಲ್ಲ, ನಿನಗ ಯಾರು ಬೈಯಾವ್ರು?"

"ನನಗ ಬೈಯಾಕಿ ಅಂದ್ರ ಆಕಿ ಒಬ್ಬಾಕೀನ ಇದ್ಲೋ" ಎಂದಳು ಲಕ್ಕವ್ವ.

ವೇದಿಕೆಯ ಮೇಲಿನಿಂದ ರೇಣುಕಾ, "ಸರ, ಫೋಟೋಕ್ಕ ಬರ್ರಿ, ಎಲ್ಲಾರೂ ನಿಂತಾರ" ಎಂದು ಕರೆದರು. ಮಾಸ್ತರು ಏಳಲಿಲ್ಲ. ಲಕ್ಕವ್ವ ಬಡಿಗೆಯ ತುದಿಯಿಂದ ಅವರ ಮೊಣಕಾಲಿಗೆ ತಿವಿದು, "ನಾಳೆತನಕ ಯಾಕ ಕಾಯೂದು? ಹತ್ತು ನಿಮಿಷದ ಸಲುವಾಗಿ ಆಕಿ ಎದಿ ಬರಿದ ಮಾಡಿದಿ, ಎಪ್ಪತ್ತೆರಡು ವರ್ಷ ಏನ್ ಕಲ್ತಿ ನೀ?" ಎಂದು ಗಟ್ಟಿಯಾಗಿ ಶುರು ಮಾಡಿದಳು. ಹತ್ತಿರದವರು ತಿರುಗಿ ನೋಡಿದರು. ಮಾಸ್ತರು ಕೈ ಕಟ್ಟಿಕೊಂಡು ಕೇಳುತ್ತ ಕುಳಿತರು.